ಸ್ಲ್ಯಾಬ್ ಒಡೆದವನ ಋಣ

ಅಮೆರಿಕದ ನಾಣ್ಯಸಂಗ್ರಾಹಕರಲ್ಲಿ ಹೊರಗಿನವರಿಗೆ ವಿಚಿತ್ರವೆನಿಸುವ ಒಂದು ರೂಢಿ ಇದೆ. ಹಣ ತೆತ್ತು ಪರೀಕ್ಷೆ ಮಾಡಿಸಿ, ದರ್ಜೆ ಬರೆಸಿ, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸೀಲು ಹಾಕಿಸಿಕೊಂಡು ಬಂದ ನಾಣ್ಯವನ್ನು ಕೆಲವರು ಮತ್ತೆ ಆ ಪ್ಲಾಸ್ಟಿಕ್ ಒಡೆದು ಹೊರಗೆ ತೆಗೆಯುತ್ತಾರೆ. ಆ ಪ್ಲಾಸ್ಟಿಕ್ ಡಬ್ಬಿಗೆ ಅವರ ಬಾಯಲ್ಲಿ ಸ್ಲ್ಯಾಬ್ ಎಂದು ಹೆಸರು. ಒಡೆದು ತೆಗೆಯುವುದಕ್ಕೆ ಕ್ರ್ಯಾಕ್‌ಔಟ್. ಒಡೆಯುವವರು ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸ್ಲ್ಯಾಬನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ಅಂಚಿಗೆ ಸುತ್ತಿಗೆಯಿಂದ ಅಳೆದು ತೂಗಿ ಒಂದೊಂದೇ ಪೆಟ್ಟು ಕೊಡುತ್ತಾರೆ. ಇಲ್ಲವೇ ಕಟ್ಟಿಂಗ್ ಪ್ಲೇಯರ್‌ನಿಂದ ಮೂಲೆಯನ್ನು ಚಿವುಟುತ್ತ ಬರುತ್ತಾರೆ. ಬೆಸುಗೆ ಬಿಟ್ಟ ಸದ್ದು ಕೇಳಿದರೆ ಎರಡು ಹೋಳು ಬೇರೆಯಾದವೆಂದು ಲೆಕ್ಕ. ಕೈತಪ್ಪಿದರೆ ಪ್ಲಾಸ್ಟಿಕ್ಕಿನ ಚೂರು ನೂರು ವರ್ಷ ಗೀರಿಲ್ಲದೆ ಉಳಿದ ಮುಖದ ಮೇಲೆ ಗೀರೆಳೆದು ಬಿಡಬಹುದು. ಇಷ್ಟೆಲ್ಲ ಅಪಾಯ ಎಳೆದುಕೊಂಡು ಒಡೆಯುವವರಲ್ಲಿ ಮುಖ್ಯವಾಗಿ ಎರಡು ಬಗೆ. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕು, ಆಲ್ಬಮ್ಮಿನಲ್ಲಿ ಅದರ ಓರಗೆಯವುಗಳ ಪಕ್ಕದಲ್ಲಿ ಇಡಬೇಕು ಎನ್ನುವವರು ಒಂದು ಬಗೆ. ಬರಿಯ ನಾಣ್ಯವನ್ನು ಮತ್ತೆ ಗ್ರೇಡಿಂಗಿಗೆ ಕಳಿಸಿ ಇನ್ನೊಂದು ಅಂಕ ಗಿಟ್ಟಿಸಬೇಕು ಎನ್ನುವವರು ಇನ್ನೊಂದು ಬಗೆ. ಗೀರು ಮುಚ್ಚಲು ಮೆತ್ತುವ, ಕೃತಕವಾಗಿ ಬಣ್ಣ ಬರಿಸುವ ಮೂರನೆಯ ಗುಂಪೂ ಉಂಟು. ಅದು ಸರಳವಾದ ಮೋಸ, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಮೊದಲ ಎರಡು ಬಗೆಯವರು ಒಡೆಯುವುದು ಏನನ್ನು, ಒಡೆದ ಮೇಲೆ ಯಾರಿಗೆ ಏನು ಬಾಕಿ ಉಳಿಸಿಕೊಳ್ಳುತ್ತಾರೆ ಎನ್ನುವುದು ನಾಣ್ಯದ ಪ್ರಶ್ನೆಗಿಂತ ಹೆಚ್ಚಾಗಿ ಪ್ರಮಾಣದ, ಅಂದರೆ ಅರಿವಿಗೆ ಆಧಾರ ಯಾವುದೆಂಬ, ಪ್ರಶ್ನೆ. ನಮ್ಮ ತಾರ್ಕಿಕರು ಶತಮಾನಗಳ ಕಾಲ ಜಗ್ಗಾಡಿದ ಪ್ರಶ್ನೆಯೂ ಅದೇ.

ಸ್ಲ್ಯಾಬ್ ಹುಟ್ಟಿದ ಕಾರಣವನ್ನು ನೋಡಿದರೆ ಅದರ ಕೆಲಸ ಏನೆಂದು ತಿಳಿಯುತ್ತದೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ನಾಣ್ಯ ಅಸಲಿಯೋ ನಕಲಿಯೋ ಎಂದು ಹೇಳುವ ಸೇವೆ ಶುರುಮಾಡಿತು, 1979ರಲ್ಲಿ ದರ್ಜೆಯನ್ನೂ ಹೇಳತೊಡಗಿತು. ಆಗ ಕೊಡುತ್ತಿದ್ದದ್ದು ನಾಣ್ಯದ ಫೋಟೊ ಅಂಟಿಸಿದ ಕಾಗದದ ಪ್ರಮಾಣಪತ್ರ. ಕಾಗದ ಒಂದು ಕಡೆ, ನಾಣ್ಯ ಒಂದು ಕಡೆ. ಒಳ್ಳೆಯ ನಾಣ್ಯದ ಪತ್ರವನ್ನು ಅದರ ಹೋಲಿಕೆಯ ಸಾಧಾರಣ ನಾಣ್ಯದ ಜೊತೆ ಸೇರಿಸಿ ಮಾರಿದರೆ ಸಣ್ಣ ಫೋಟೊದಲ್ಲಿ ವ್ಯತ್ಯಾಸ ಹಿಡಿಯುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಕಂಪನಿಗಳು ಬಂದು ಈ ಎರಡನ್ನೂ ಒಂದು ಮಾಡಿದವು. ನಾಣ್ಯ, ದರ್ಜೆ ಮುದ್ರಿಸಿದ ಚೀಟಿ, ಸರಣಿ ಸಂಖ್ಯೆ, ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಹೋಳುಗಳ ನಡುವೆ ಇಟ್ಟು ಶ್ರವಣಾತೀತ ಕಂಪನದಿಂದ ಬೆಸೆದುಬಿಟ್ಟವು. ಬೆಸುಗೆ ಒಡೆಯದೆ ಒಳಗೆ ಕೈ ಹಾಕುವಂತಿಲ್ಲ, ಒಡೆದರೆ ಒಡೆದದ್ದು ಕಾಣದೆ ಇರುವುದಿಲ್ಲ. ಇದರಿಂದಾಗಿ, ಮುಖ ನೋಡದ ಊರಿನಿಂದ ನಾಣ್ಯ ಕೊಳ್ಳುವುದು ಸಾಧ್ಯವಾಯಿತು. 1980ರ ದಶಕದ ಕೊನೆಯಲ್ಲಿ ವಾಲ್‌ಸ್ಟ್ರೀಟಿನ ಹಣವೂ ಇತ್ತ ಹರಿದು ಬಂದು, ಬೆಲೆ ಏರಿ, ಅಷ್ಟೇ ಬೇಗ ಕುಸಿಯಿತು. ಆ ಕತೆ ಬೇರೆ.

ಇಲ್ಲಿ ಗಮನಿಸಬೇಕಾದದ್ದು, ಪ್ಲಾಸ್ಟಿಕ್ ಸೇರಿಸಿದ್ದು ಜ್ಞಾನವನ್ನಲ್ಲ ಎನ್ನುವುದನ್ನು. ದರ್ಜೆ ನಿರ್ಧಾರವಾಗುವುದು ಡಬ್ಬಿಗೆ ಹಾಕುವ ಮೊದಲು. ಇಬ್ಬರು ಪರೀಕ್ಷಕರಾದರೂ ಬೇರೆ ಬೇರೆಯಾಗಿ ನೋಡಿ, ಕೊನೆಗೊಬ್ಬರು ತೀರ್ಮಾನಿಸುತ್ತಾರೆ. ನಾಣ್ಯ ಯಾರದೆಂಬುದು ಅವರಿಗೆ ತಿಳಿಯದಂತೆ ವ್ಯವಸ್ಥೆ ಇರುತ್ತದೆ. ನ್ಯಾಯದರ್ಶನದವರು ಶಬ್ದಪ್ರಮಾಣಕ್ಕೆ, ಅಂದರೆ ಇನ್ನೊಬ್ಬರ ಮಾತಿನಿಂದ ಬರುವ ಅರಿವಿಗೆ, ಕೇಳುವ ಅರ್ಹತೆಗಳು ಇಲ್ಲಿ ಬಹುಮಟ್ಟಿಗೆ ಕೂಡಿಬರುತ್ತವೆ: ವಸ್ತುವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡ ಹಾಗೆ ಹೇಳುವ ಇಚ್ಛೆ ಇರಬೇಕು. ಅಂಥವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಹೇಳಿದ್ದಾನೆ. ಹಾಗಿರುವಾಗ ಅಮೆರಿಕದಲ್ಲಿ ಕೂತ ಪರೀಕ್ಷಕನನ್ನು ಆಪ್ತರ ಪಂಕ್ತಿಯಿಂದ ಎಬ್ಬಿಸಲು ನಮಗೆ ಕಾರಣವಿಲ್ಲ. ಅವನ ಮಾತು "ಇದು ಇಂಥ ದರ್ಜೆಯದು" ಎಂಬ ರೂಪದಲ್ಲಿರುತ್ತದೆ. ಈ ವಾಕ್ಯದಲ್ಲಿ ಎರಡು ಪಾಲು. ದರ್ಜೆಯನ್ನು ಹೇಳುವ ಪಾಲು ಪರೀಕ್ಷಕನ ಕಣ್ಣಿನಿಂದ ಬಂದದ್ದು. "ಇದು" ಎಂದು ಬೊಟ್ಟು ಮಾಡುವ ಪಾಲನ್ನು, ಪರೀಕ್ಷಕ ಎದ್ದು ಹೋದ ಮೇಲೆ, ವರ್ಷಗಟ್ಟಲೆ ಎತ್ತಿಹಿಡಿದು ನಿಲ್ಲಿಸುವುದು ಪ್ಲಾಸ್ಟಿಕ್. ಡಬ್ಬಿ ಒಡೆದಾಗ ಪರೀಕ್ಷಕನ ಮಾತು ಸುಳ್ಳಾಗುವುದಿಲ್ಲ, ನಾಣ್ಯವೂ ಬದಲಾಗುವುದಿಲ್ಲ. ತುಂಡಾಗುವುದು ಮಾತಿಗೂ ವಸ್ತುವಿಗೂ ನಡುವಿನ ಕೊಂಡಿ ಮಾತ್ರ. ಕಂಪನಿ ತನ್ನ ಗ್ಯಾರಂಟಿಯನ್ನು ಆ ಕ್ಷಣದಲ್ಲೇ ಹಿಂದಕ್ಕೆ ಪಡೆಯುವುದು ಇದೇ ಕಾರಣಕ್ಕೆ: ಅದು ಖಾತ್ರಿ ಕೊಟ್ಟದ್ದು ಆ ಡಬ್ಬಿಯೊಳಗಿನ ನಾಣ್ಯಕ್ಕೆ, ಜಗತ್ತಿನಲ್ಲಿ ಅಡ್ಡಾಡುವ ನಾಣ್ಯಕ್ಕಲ್ಲ.

ಸಾಕ್ಷಿಯನ್ನು ನಾಣ್ಯದ ಬಟ್ಟೆಯ ಮೇಲೆ ಬರೆಯುವ ಈ ಕ್ರಮ ಹೊಸದು. ಹಿಂದಿನವರು ಅದನ್ನು ಮೈಮೇಲೇ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಚೀನೀ ವರ್ತಕರು ತಮ್ಮ ಕೈಗೆ ಬಂದ ಸ್ಪ್ಯಾನಿಷ್, ಮೆಕ್ಸಿಕನ್ ಡಾಲರುಗಳನ್ನೂ, ಅಮೆರಿಕ 1873ರಿಂದ ಅಚ್ಚು ಹಾಕಿ ಆ ಕಡೆ ಕಳಿಸಿದ ಟ್ರೇಡ್ ಡಾಲರುಗಳನ್ನೂ ಪರೀಕ್ಷಿಸಿ, ಬೆಳ್ಳಿ ಸರಿಯಿದೆ ಎಂದು ಕಂಡರೆ ತಮ್ಮ ಸಣ್ಣ ಉಳಿಗುರುತನ್ನು ಬಡಿದು ಬಿಡುತ್ತಿದ್ದರು. ಕೆಲವು ನಾಣ್ಯಗಳ ಮೇಲೆ ಇಂಥ ಗುರುತು ಎಷ್ಟು ಬಿದ್ದಿವೆಯೆಂದರೆ ಮೂಲದ ಚಿತ್ರವನ್ನು ಹುಡುಕಬೇಕಾಗುತ್ತದೆ. ನಮ್ಮ ಪ್ರಾಚೀನ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಹಿಂಬದಿಯಲ್ಲಿ ಕಾಣುವ ಪುಟ್ಟ ಪುಟ್ಟ ಗುರುತುಗಳೂ ಪರೀಕ್ಷೆ ಮಾಡಿದ ಶರಾಫರವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅರ್ಥಶಾಸ್ತ್ರದಲ್ಲಿ ನಾಣ್ಯ ನೋಡುವುದಕ್ಕೆಂದೇ ರೂಪದರ್ಶಕನೆಂಬ ಅಧಿಕಾರಿ ಇದ್ದಾನೆ. ಉಳಿಗುರುತಿನ ಸಾಕ್ಷಿಯನ್ನು ಒಡೆದು ತೆಗೆಯಲು ಬರುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಸಾಗಿಸಲೂ ಬರುವುದಿಲ್ಲ. ಆದರೆ ಅದು ಹೇಳುವುದು ಬೆಳ್ಳಿಯ ಮಾತನ್ನು ಮಾತ್ರ. ಮುಖದ ಚೆಲುವನ್ನು ಹೇಳಹೊರಟರೆ ಹೇಳುವ ಕ್ರಿಯೆಯೇ ಆ ಚೆಲುವನ್ನು ಕೆಡಿಸುತ್ತದೆ. ಗೀರಿಲ್ಲದ ಮುಖಕ್ಕೆ ಬೆಲೆ ಕಟ್ಟುವ ಕಾಲ ಬಂದ ಮೇಲೆ ಸಾಕ್ಷಿ ಮೈ ಬಿಟ್ಟು ಬಟ್ಟೆಗೆ ಬರಲೇಬೇಕಾಯಿತು. ಬಟ್ಟೆಗೆ ಬಂದ ಮೇಲೆ ಅದನ್ನು ಕಳಚುವವರೂ ಹುಟ್ಟಲೇಬೇಕು.

ಮೊದಲ ಬಗೆಯವರ ಪಕ್ಷದಲ್ಲಿ ಹೇಳಬೇಕಾದದ್ದು ಬಹಳ ಇದೆ. ಸ್ಲ್ಯಾಬ್ ಒಂದು ಪ್ರಮಾಣವನ್ನು ಕೊಡುವಾಗ ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಡಬ್ಬಿಯೊಳಗಿನ ನಾಣ್ಯವನ್ನು ತೂಗಲಾಗದು. ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರ್ ಒಂದರ ತೂಕ 26.73 ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ ಎನ್ನುವುದು ಯಾವ ಪುಸ್ತಕದಲ್ಲಾದರೂ ಸಿಗುವ ಸಂಗತಿ. ಅದನ್ನು ತಕ್ಕಡಿಯಲ್ಲಿಟ್ಟು ನೋಡುವ, ನೀರಿನಲ್ಲಿ ತೂಗಿ ಸಾಂದ್ರತೆ ಅಳೆಯುವ, ಬೆರಳ ತುದಿಯಲ್ಲಿ ನಿಲ್ಲಿಸಿ ತಟ್ಟಿ ನಾದ ಕೇಳುವ ಚಿನಿವಾರನ ವಿದ್ಯೆಯೆಲ್ಲ ಸೀಲಿನ ಎದುರು ನಿಷ್ಪ್ರಯೋಜಕ. ನಾಣ್ಯಕ್ಕಿರುವ ಮೂರನೆಯ ಮುಖವಾದ ಅಂಚನ್ನು ಹಳೆಯ ಸ್ಲ್ಯಾಬುಗಳು ಪೂರ್ತಿ ಮುಚ್ಚಿಬಿಡುತ್ತಿದ್ದವು. ಒಡವೆಗೆ ಕೂರಿಸಿ ಬಿಚ್ಚಿದ ಗುರುತು ಉಳಿಯುವುದೂ, ಅರ ಹಾಕಿ ಲೋಹ ಕದ್ದದ್ದು ಕಾಣುವುದೂ ಅಂಚಿನಲ್ಲೇ. ಅಂಚು ಕಾಣಿಸುವ ಹೊಸ ಮಾದರಿಯ ಸ್ಲ್ಯಾಬ್ ಬಂದದ್ದು ಆಮೇಲೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಗಾದೆ. ಸ್ಲ್ಯಾಬ್ ಅದನ್ನು ತಿರುಗಿಸಿ, ಪ್ರಮಾಣಪತ್ರ ಕಂಡ ಮೇಲೆ ಪ್ರತ್ಯಕ್ಷ ಬೇಡ ಎನ್ನುತ್ತದೆ. ಆದ್ದರಿಂದ ಡ್ಯಾನ್ಸ್‌ಕೊ ಕಂಪನಿಯ 7070 ಸಂಖ್ಯೆಯ ಆಲ್ಬಮ್ಮನ್ನು ತುಂಬಿಸಲು ಒಬ್ಬ ಸ್ಲ್ಯಾಬ್ ಒಡೆದರೆ ಅವನು ಜ್ಞಾನವನ್ನು ತಿರಸ್ಕರಿಸಿದನೆಂದು ಬೈಯುವುದು ಸರಿಯಲ್ಲ. ಇನ್ನೊಬ್ಬರ ಕಣ್ಣಿನಿಂದ ತಿಳಿದದ್ದನ್ನು ಬಿಟ್ಟು ತನ್ನ ಕಣ್ಣಿನಿಂದ ತಿಳಿಯುವ ಹೊಣೆಯನ್ನು ಅವನು ಹೊರುತ್ತಿದ್ದಾನೆ. ಕೈಬೆವರು ತಾಗಿ ಕೆಡುತ್ತದಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಹಳೆಯದು: ದೊಡ್ಡ ಸಂಗ್ರಹಾಲಯಗಳ ನಾಣ್ಯಗಳು ತಲೆಮಾರುಗಳಿಂದ ಬರಿಯ ಮರದ ತಟ್ಟೆಗಳಲ್ಲೇ ಉಳಿದು ಬಂದಿವೆ. ಅಂಚು ಹಿಡಿದು ಎತ್ತಲು ಬಂದವನಿಗೆ ಡಬ್ಬಿ ಬೇಕೇಬೇಕೆಂದಿಲ್ಲ; ಡಬ್ಬಿಯೂ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ಒಳಗೇ ಬಣ್ಣ ತಿರುಗಿದ ನಾಣ್ಯಗಳಿಗೆ ಬರವಿಲ್ಲ.

ಎರಡನೆಯ ಬಗೆಯವರ ವಿಷಯ ಹೀಗೆ ಸುಲಭದ್ದಲ್ಲ. ಅದನ್ನು ಒಂದು ನಾಣ್ಯ ಮುಂದಿಟ್ಟುಕೊಂಡೇ ನೋಡಬೇಕು. ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ 1884ರಲ್ಲಿ ಅಚ್ಚಾದ ಮಾರ್ಗನ್ ಡಾಲರುಗಳು 32 ಲಕ್ಷ. ಅವುಗಳಲ್ಲಿ ಹೆಚ್ಚಿನವು ಜನರ ಜೇಬಿಗೆ ಇಳಿದು ಸವೆದವು. ಬಳಕೆಗೆ ಬಾರದೆ ಹೊಸದಾಗಿ ಉಳಿದವು ಬಹಳ ವಿರಳ. ಹಾಗಾಗಿ ಸವೆದದ್ದು ಸಾಮಾನ್ಯರ ಕೈಗೆಟುಕುತ್ತದೆ, ಸವೆಯದ್ದರ ಬೆಲೆ ಒಂದೇ ಸಲಕ್ಕೆ ಹಲವು ಪಟ್ಟು ಜಿಗಿಯುತ್ತದೆ. ಸವೆತ ಮೊದಲು ಕಾಣುವುದು ಎರಡು ಕಡೆ: ಸ್ವಾತಂತ್ರ್ಯದೇವಿಯ ಕಿವಿಯ ಮೇಲಿನ ಕೂದಲೆಳೆಗಳಲ್ಲಿ, ಹಿಂಬದಿಯ ಹದ್ದಿನ ಎದೆಗರಿಯಲ್ಲಿ. ದೀಪದ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓಲಾಡಿಸಿದರೆ ಬೆಳಕಿನ ಪಟ್ಟಿಯೊಂದು ಮುಖದ ಸುತ್ತ ತಿರುಗುತ್ತದೆ. ಆ ಪಟ್ಟಿ ಕಿವಿಯ ಮೇಲೆ ಹಾಯುವಾಗ ಒಂದು ಕ್ಷಣ ಮಂಕಾದರೆ ಅಲ್ಲಿ ಸವೆದಿದೆ ಎಂದರ್ಥ, 1ರಿಂದ 70ರವರೆಗಿನ ಮಾನದಲ್ಲಿ ದರ್ಜೆ ಹೆಚ್ಚೆಂದರೆ 58. ಮಂಕಾಗದಿದ್ದರೆ 60 ಅಥವಾ ಅದಕ್ಕೂ ಮೇಲೆ. ಆದರೆ ಅಚ್ಚು ಹಾಕುವಾಗಲೇ ಒತ್ತಡ ಕಡಿಮೆಯಾಗಿ ಕೂದಲು ಪೂರ್ತಿ ಮೂಡದೆ ಇದ್ದರೂ ಅದೇ ಜಾಗ ಮಂಕಾಗಿ ಕಾಣುತ್ತದೆ. ಟಂಕಸಾಲೆಯಲ್ಲಿ ಮೂಡದೆ ಹೋದದ್ದೋ ಜೇಬಿನಲ್ಲಿ ಅಳಿಸಿ ಹೋದದ್ದೋ ಎಂದು ಹೇಳುವಲ್ಲಿ ಪಳಗಿದ ಕಣ್ಣೂ ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ ಹೇಳಬಹುದು. ಕ್ರ್ಯಾಕ್‌ಔಟ್ ಮಾಡುವವನು ಕಣ್ಣಿಟ್ಟಿರುವುದು ಈ ತೂಗಾಟದ ಮೇಲೆ. 58 ಎಂದು ಬಂದದ್ದನ್ನು ಒಡೆದು, ಬರಿಯ ನಾಣ್ಯವಾಗಿ ಮತ್ತೆ ಕಳಿಸುತ್ತಾನೆ. ಮತ್ತೆ 58 ಬಂದರೆ ಮತ್ತೆ ಒಡೆಯುತ್ತಾನೆ. ಎಂದಾದರೂ ಒಮ್ಮೆ ಮೇಲಿನ ಅಂಕ ಬಂದರೆ ಅಲ್ಲಿಗೆ ನಿಲ್ಲಿಸುತ್ತಾನೆ.

ಈ ಕೊನೆಯ ಅಂಕವನ್ನು ನಂಬಿ ಕೊಳ್ಳುವವನಿಗೆ ಏನು ತಿಳಿದಂತಾಯಿತು? ಹನ್ನೆರಡನೆಯ ಶತಮಾನದ ಶ್ರೀಹರ್ಷ ತನ್ನ ಖಂಡನಖಂಡಖಾದ್ಯದಲ್ಲಿ ತಾರ್ಕಿಕರನ್ನು ಪೇಚಿಗೆ ಸಿಕ್ಕಿಸಲು ಒಂದು ಉದಾಹರಣೆ ತರುತ್ತಾನೆ. ಒಬ್ಬ ಮುಷ್ಟಿಯಲ್ಲಿ ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ. ಇನ್ನೊಬ್ಬ ಬಾಯಿಗೆ ಬಂದಂತೆ ಐದು ಎನ್ನುತ್ತಾನೆ. ಮುಷ್ಟಿ ಬಿಚ್ಚಿದರೆ ಐದೇ ಇವೆ. ಹೇಳಿದ್ದು ನಿಜ, ಆದರೆ ಅವನಿಗೆ ಅದು ಗೊತ್ತಿತ್ತು ಎನ್ನಲು ನಾಲಗೆ ಏಳುವುದಿಲ್ಲ. ನಾಲ್ಕು ಸಲ ಒಡೆದು ಗಿಟ್ಟಿಸಿದ ದರ್ಜೆಯ ಪಾಡೂ ಇದಕ್ಕೆ ಹತ್ತಿರ. ಅದು ನಿಜವೂ ಇರಬಹುದು, ಮೊದಲ ಮೂವರೇ ತಪ್ಪಿರಬಹುದು. ಆದರೆ ಕೊಳ್ಳುವವನ ಮುಂದೆ ಬರುವ ಚೀಟಿ ಒಬ್ಬ ಆಪ್ತನ ಮಾತಿನಂತೆ ಕಾಣುತ್ತ, ವಾಸ್ತವದಲ್ಲಿ ಹಲವು ಮಾತುಗಳ ರಾಶಿಯಿಂದ ಮಾರುವವನ ಲಾಭ ನೋಡಿ ಆರಿಸಿ ತೆಗೆದ ಮಾತಾಗಿರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ಎನ್ನುವುದೇ ಸೂಕ್ಷ್ಮ. ನಾಲ್ಕನೆಯ ಪರೀಕ್ಷಕ ಕಂಡದ್ದನ್ನೇ ಹೇಳಿದ್ದಾನೆ. ಮಾರುವವನೂ ಚೀಟಿಯಲ್ಲಿರುವುದನ್ನೇ ತೋರಿಸುತ್ತಿದ್ದಾನೆ. ದೋಷವಿರುವುದು ಕಸದ ಬುಟ್ಟಿಗೆ ಹೋದ ಮೂರು ಚೀಟಿಗಳಲ್ಲಿ. ಒಂದು ಅರಿವನ್ನು ಕೈಬಿಡಲು ಎರಡು ಕಾರಣ ಸಾಕೆಂದು ಮೀಮಾಂಸಕರು ಹೇಳುತ್ತಾರೆ: ಅದನ್ನು ಅಲ್ಲಗಳೆಯುವ ಇನ್ನೊಂದು ಅರಿವು, ಇಲ್ಲವೇ ಅದು ಹುಟ್ಟಿದ ದಾರಿಯಲ್ಲೇ ಕೊರೆಯಿತ್ತೆಂಬ ಅರಿವು. ಬುಟ್ಟಿಗೆ ಹೋದ ಚೀಟಿಗಳಲ್ಲಿ ಎರಡೂ ಇದ್ದವು. ಕೊಳ್ಳುವವನ ನಂಬಿಕೆ ಅಲುಗದೆ ಉಳಿದದ್ದು ಅದನ್ನು ಅಲುಗಿಸಬಲ್ಲದ್ದನ್ನು ಅವನಿಂದ ಮರೆಮಾಡಿದ್ದರಿಂದ.

ಇದಕ್ಕೆ ಕ್ರ್ಯಾಕ್‌ಔಟ್ ಪಕ್ಷದವರ ಉತ್ತರ ಬಲವಾಗಿಯೇ ಇದೆ. ಸ್ಲ್ಯಾಬಿನಲ್ಲೇ ಇಟ್ಟು ಮರುಪರಿಶೀಲನೆಗೆ ಕಳಿಸುವ ಸೌಲಭ್ಯ ಉಂಟು, ನಿಜ. ಆದರೆ ಹಳೆಯ ಅಂಕ ಕಣ್ಣೆದುರಿಗೇ ಇದ್ದರೆ ಹೊಸ ಪರೀಕ್ಷಕ ಅದರ ಪ್ರಭಾವಕ್ಕೆ ಒಳಗಾಗುತ್ತಾನೆ, ತನ್ನ ಕಂಪನಿಯ ಹಳೆಯ ಮಾತನ್ನು ತಪ್ಪೆಂದು ಹೇಳಲು ಹಿಂಜರಿಯುತ್ತಾನೆ. ಆದ್ದರಿಂದ ಸ್ವತಂತ್ರವಾದ ಎರಡನೆಯ ಅಭಿಪ್ರಾಯ ಬೇಕಾದರೆ ಒಡೆಯಲೇಬೇಕು ಎನ್ನುತ್ತಾರೆ. ಕೋರ್ಟಿನಲ್ಲಿ ಮೇಲ್ಮನವಿ ಹೋಗುವುದಿಲ್ಲವೇ ಎಂದೂ ಕೇಳುತ್ತಾರೆ. ಒಂದನೆಯ ಮಾತನ್ನು ಒಪ್ಪಬೇಕು. ಹಿಂದಿನ ತೀರ್ಪು ಕಾಣದಂತೆ ಕೇಳಿದ ಅಭಿಪ್ರಾಯವೇ ಹೆಚ್ಚು ಸ್ವತಂತ್ರ. ಆದರೆ ಸ್ವತಂತ್ರ ಅಭಿಪ್ರಾಯಗಳಿಗೆ ಬೆಲೆ ಬರುವುದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ. ಮೂರು 58, ಒಂದು 61 ಎಂದು ನಾಲ್ಕನ್ನೂ ಹೇಳಿ ಮಾರುವವನು ಕೊಳ್ಳುವವನಿಗೆ ಒಂದು ಚೀಟಿಗಿಂತ ಹೆಚ್ಚಿನ ತಿಳಿವಳಿಕೆ ಕೊಡುತ್ತಾನೆ. ಮೂರನ್ನು ಎಸೆದವನು ಒಂದಕ್ಕಿಂತಲೂ ಕಡಿಮೆ ಕೊಡುತ್ತಾನೆ. ಮೇಲ್ಮನವಿಯ ಹೋಲಿಕೆಯಂತೂ ಅವರಿಗೇ ತಿರುಗಿ ಬೀಳುತ್ತದೆ. ಮೇಲ್ಮನವಿಯಲ್ಲಿ ಕೆಳಗಿನ ಕೋರ್ಟಿನ ತೀರ್ಪು ಕಡತದಲ್ಲೇ ಇರುತ್ತದೆ, ಅದು ಏಕೆ ತಪ್ಪೆಂದು ವಾದಿಸಿ ಗೆಲ್ಲಬೇಕು. ಕಡತವನ್ನು ಸುಟ್ಟು, ಬೇರೆ ಬೇರೆ ನ್ಯಾಯಾಧೀಶರ ಮುಂದೆ ಪ್ರತಿಸಲವೂ ಹೊಸ ದಾವೆಯಂತೆ ನಿಂತು, ತನಗೆ ಬೇಕಾದ ತೀರ್ಪು ಸಿಕ್ಕ ದಿನ ಮನೆಗೆ ಹೋಗುವುದನ್ನು ಯಾವ ನ್ಯಾಯಪದ್ಧತಿಯೂ ಮೇಲ್ಮನವಿ ಎಂದು ಕರೆಯುವುದಿಲ್ಲ.

ಇನ್ನೂ ಆಳದ ಆಕ್ಷೇಪವೊಂದಿದೆ. ಇಷ್ಟು ತೂಗಾಡುವ ದರ್ಜೆ ನಾಣ್ಯದಲ್ಲಿ ನಿಜವಾಗಿ ಇದೆಯೇ? ಇಲ್ಲದ ಮೇಲೆ ಮರೆಮಾಡಿದ್ದು ಯಾವ ಸತ್ಯವನ್ನು? ಈ ಸಂಶಯಕ್ಕೆ ಆಧಾರವಿಲ್ಲದೆ ಇಲ್ಲ. 1ರಿಂದ 70ರವರೆಗಿನ ಮಾನವನ್ನು ಕಟ್ಟಿದವನು ವಿಲಿಯಂ ಶೆಲ್ಡನ್, 1949ರಲ್ಲಿ. ಅದು ಶುರುವಾದದ್ದು ಬೆಲೆಯ ಸೂತ್ರವಾಗಿ: 1794ರ ತಾಮ್ರದ ದೊಡ್ಡ ಸೆಂಟ್‌ನಲ್ಲಿ ತೀರ ಸವೆದದ್ದರ ಬೆಲೆ ಒಂದಾದರೆ ಉತ್ಕೃಷ್ಟವಾದದ್ದರ ಬೆಲೆ ಎಪ್ಪತ್ತು. ಆ ಬೆಲೆಗಳು ಎಂದೋ ಅಳಿದುಹೋದವು. ಅಂಕಗಳು ಮಾತ್ರ ಅಳತೆಯ ವೇಷ ಹಾಕಿಕೊಂಡು ಉಳಿದವು. ಶೆಲ್ಡನ್ ವೃತ್ತಿಯಿಂದ ಮನಶ್ಶಾಸ್ತ್ರಜ್ಞ, ಮನುಷ್ಯರ ಮೈಕಟ್ಟನ್ನೂ ಮೂರು ಮಾದರಿಗಳಾಗಿ ವಿಂಗಡಿಸಿ ಅಂಕ ಹಚ್ಚಿದವನು ಎಂದರೆ ಅಂಕದ ಚಟ ಎಲ್ಲಿಯವರೆಗಿತ್ತೆಂದು ತಿಳಿಯುತ್ತದೆ. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಗ್ರೇಡಿಂಗ್ ವಸ್ತುನಿಷ್ಠ, ಏಕರೂಪ ಎಂಬ ಜಾಹೀರಾತುಗಳನ್ನು ಪ್ರಶ್ನಿಸಿತು, ಪಿಸಿಜಿಎಸ್ ಆಯೋಗದೊಡನೆ ಒಪ್ಪಂದಕ್ಕೆ ಬಂತು. ಅದೇ ವರ್ಷ ಕಂಪ್ಯೂಟರ್‌ನಿಂದ ದರ್ಜೆ ಕಟ್ಟುವ ಪ್ರಯತ್ನವೂ ನಡೆದು, ಹೆಚ್ಚು ದಿನ ಬಾಳಲಿಲ್ಲ. ಇಷ್ಟಿದ್ದೂ ಗಡಿ ಮಸುಕಾಗಿದೆ ಎಂದ ಮಾತ್ರಕ್ಕೆ ಎರಡು ಕಡೆಯ ಊರುಗಳೇ ಇಲ್ಲವೆಂದಾಗುವುದಿಲ್ಲ. 40ರ ನಾಣ್ಯವನ್ನು 65 ಎಂದು ಯಾರೂ ಹೇಳುವುದಿಲ್ಲ, ಎಷ್ಟು ಸಲ ಒಡೆದು ಕಳಿಸಿದರೂ ಆ ಚೀಟಿ ಬರುವುದಿಲ್ಲ. ಕೆಲವು ನಾಣ್ಯಗಳ ವಿಷಯದಲ್ಲಿ ಸತ್ಯವೆಂದರೆ "ಇದು ಗಡಿಯ ಮೇಲಿದೆ, ಬಲ್ಲವರಲ್ಲಿ ಒಮ್ಮತವಿಲ್ಲ" ಎಂಬುದೇ. ನಾಲ್ಕು ಚೀಟಿಗಳೂ ಸೇರಿದರೆ ಹೇಳುವ ಸತ್ಯ ಅದು. ಒಂದೇ ಚೀಟಿಯಾಗಿ ಉಳಿದಾಗ ಮುಚ್ಚಿಹೋಗುವುದೂ ಅದೇ. ದರ್ಜೆ ಮಸುಕಾದಷ್ಟೂ ಎಸೆದ ಚೀಟಿಗಳ ತೂಕ ಹೆಚ್ಚುತ್ತದೆ. ಆಕ್ಷೇಪ ಹೇಳಿದವರು ನಿರೀಕ್ಷಿಸಿದ್ದು ಇದರ ವಿರುದ್ಧವನ್ನು.

ಹಾಗಾದರೆ ಎಷ್ಟು ಸಾಕ್ಷಿ ಕೇಳಬೇಕು, ಎಲ್ಲಿ ನಿಲ್ಲಿಸಬೇಕು? ಗ್ರೇಡಿಂಗ್ ಕಂಪನಿಯ ಮಾತನ್ನು ಪರೀಕ್ಷಿಸಲೆಂದೇ 2007ರಲ್ಲಿ ಸಿಎಸಿ ಎಂಬ ಸಂಸ್ಥೆ ಹುಟ್ಟಿತು. ಅದು ಸ್ಲ್ಯಾಬನ್ನು ಒಡೆಯದೆ ಹೊರಗಿನಿಂದಲೇ ನೋಡಿ, ಬರೆದ ದರ್ಜೆಗೆ ನಾಣ್ಯ ತಕ್ಕುದಾಗಿದ್ದರೆ ಹಸಿರು ಚೀಟಿ, ದರ್ಜೆಗಿಂತ ಮೇಲಿದೆ ಎಂದು ಕಂಡರೆ ಚಿನ್ನದ ಬಣ್ಣದ ಚೀಟಿ ಅಂಟಿಸುತ್ತದೆ. ಅದನ್ನು ಸ್ಥಾಪಿಸಿದ ಜಾನ್ ಅಲ್ಬನೀಸ್ ಎನ್‌ಜಿಸಿಯ ಸ್ಥಾಪಕರೂ ಹೌದು. ಸಾಕ್ಷಿಗೆ ಸಾಕ್ಷಿ ಹುಟ್ಟಿದ ಮೇಲೆ ಅದಕ್ಕೊಂದು ಸಾಕ್ಷಿ ಯಾಕೆ ಬೇಡ? ಅರಿವಿನ ಪ್ರಾಮಾಣ್ಯ ಹೊರಗಿನಿಂದ ಗೊತ್ತಾಗಬೇಕು ಎಂದ ನೈಯಾಯಿಕರಿಗೆ ಮೀಮಾಂಸಕರು ಕೇಳಿದ್ದು ಇದೇ ಪ್ರಶ್ನೆ. ಅರಿವು ತಾನಾಗಿಯೇ ಪ್ರಮಾಣ, ಅಡ್ಡಿ ಬಂದಾಗ ಮಾತ್ರ ಅನುಮಾನ ಎನ್ನುವುದು ಮೀಮಾಂಸಕರ ನಿಲುವು. ಸಂಶಯ ಹುಟ್ಟಿದರೂ ಮೂರು ನಾಲ್ಕು ಅರಿವುಗಳಿಗಿಂತ ಮುಂದೆ ಹೋಗಬೇಕಾಗಿಲ್ಲ ಎಂದು ಕುಮಾರಿಲ ಭಟ್ಟ ಲೆಕ್ಕವನ್ನೇ ಹಾಕಿಕೊಟ್ಟಿದ್ದಾನೆ. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಮಧ್ವಮತದ ಪರವಾಗಿ ಸ್ವತಃಪ್ರಾಮಾಣ್ಯವನ್ನು ಎತ್ತಿಹಿಡಿಯುವಾಗ ಕೊನೆಯ ನಿಲುಗಡೆಯನ್ನು ಒಳಗಿನ ಸಾಕ್ಷಿಗೆ ಕೊಟ್ಟರು: ಎಲ್ಲ ಪರೀಕ್ಷೆ ಮುಗಿದ ಮೇಲೆ ಇದು ಹೀಗೆಯೇ ಎಂದು ಒಪ್ಪುವವನು ಅರಿಯುವವನೇ ಹೊರತು ಇನ್ನೊಬ್ಬ ಪರೀಕ್ಷಕನಲ್ಲ. ಆತ್ಮದ ವಿಚಾರದಲ್ಲಿ ಹೇಳಿದ್ದನ್ನು ಬೆಳ್ಳಿಯ ಬಿಲ್ಲೆಗೆ ಎಳೆದು ತರುವುದು ಸ್ವಲ್ಪ ಅತಿಯಾಯಿತೆಂದು ಪಂಡಿತರು ಗೊಣಗಬಹುದು. ಆದರೂ ಆಲ್ಬಮ್ಮಿಗಾಗಿ ಸ್ಲ್ಯಾಬ್ ಒಡೆಯುವವನು ಮಾಡುವುದು ಹೆಚ್ಚು ಕಡಿಮೆ ಇದನ್ನೇ. ಸಾಕ್ಷಿಗಳ ಸಾಲನ್ನು ತನ್ನಲ್ಲಿಗೆ ತಂದು ನಿಲ್ಲಿಸುತ್ತಾನೆ. ಅಂಕಕ್ಕಾಗಿ ಒಡೆಯುವವನು ಸಾಲನ್ನು ನಿಲ್ಲಿಸುವುದು ಅರಿವು ತುಂಬಿದಲ್ಲಿ ಅಲ್ಲ, ಲಾಭ ತುಂಬಿದಲ್ಲಿ.

ನಾಣ್ಯವೂ ನನ್ನದು, ಪ್ಲಾಸ್ಟಿಕ್ಕೂ ನನ್ನದು, ಒಡೆದರೆ ಯಾರ ಗಂಟು ಹೋಯಿತು ಎಂಬ ಮಾತು ಎರಡೂ ಬಗೆಯವರಿಂದ ಬರುತ್ತದೆ. ಗಂಟು ಹೋಗುವುದು ಹೀಗೆ. ಪ್ರತಿ ಕಂಪನಿಯೂ ತಾನು ಯಾವ ವರ್ಷದ ಯಾವ ಟಂಕಸಾಲೆಯ ಎಷ್ಟು ನಾಣ್ಯಗಳಿಗೆ ಯಾವ ಯಾವ ದರ್ಜೆ ಕೊಟ್ಟಿದ್ದೇನೆಂದು ಸಾರ್ವಜನಿಕ ಗಣತಿ ಇಟ್ಟಿರುತ್ತದೆ. ಒಂದು ನಾಣ್ಯ ಎಷ್ಟು ವಿರಳ ಎಂದು ಎಲ್ಲರೂ ತಿಳಿಯುವುದು ಅದರಿಂದ. ನಾಲ್ಕು ಸಲ ಒಡೆದು ಕಳಿಸಿದ ಒಂದು ನಾಣ್ಯ ಆ ಗಣತಿಯಲ್ಲಿ ನಾಲ್ಕು ನಾಣ್ಯವಾಗಿ ನಿಲ್ಲುತ್ತದೆ. ಇಲ್ಲದ ಮೂರು ನಾಣ್ಯಗಳು ಇವೆ ಎಂಬ ಹೇಳಿಕೆ, ಹೇಳಿದವರ ತಪ್ಪಿಲ್ಲದೆ, ಪುಸ್ತಕದಲ್ಲಿ ಉಳಿದುಬಿಡುತ್ತದೆ. ಗಡಿಯಲ್ಲಿ ಬೆಲೆ ಹೆಚ್ಚು ಜಿಗಿಯುವ ನಾಣ್ಯಗಳಲ್ಲೇ ಈ ಉಬ್ಬರ ಹೆಚ್ಚು. ಅಂದರೆ ಸರಿಯಾದ ಸಂಖ್ಯೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅದು ಕೆಡುತ್ತದೆ. ಆಲ್ಬಮ್ಮಿಗೆಂದು ಒಡೆದ ಸಾತ್ವಿಕನೂ ಇದರಿಂದ ಪಾರಾಗುವುದಿಲ್ಲ, ಅವನ ನಾಣ್ಯ ಇಂಥ ಸ್ಲ್ಯಾಬಿನಲ್ಲಿದೆ ಎಂಬ ಮಾತು ಅವನು ಒಡೆದ ಕ್ಷಣದಿಂದ ಸುಳ್ಳು. ನಾಣ್ಯ ಅವನದು, ಆ ಮಾತು ಅವನದಲ್ಲ. ಅದನ್ನು ನಂಬಿ ಕೊಳ್ಳುವ, ಮಾರುವ, ಲೇಖನ ಬರೆಯುವ ಎಲ್ಲರದು. ಸ್ಲ್ಯಾಬ್ ಒಡೆದವನ ಮೇಲೆ ಬೀಳುವ ಋಣವೆಂದರೆ ಇದು. ತೀರಿಸುವ ದಾರಿಯೂ ಕಷ್ಟದ್ದಲ್ಲ: ಒಳಗಿನ ಚೀಟಿಯನ್ನು ಹಿಂದಕ್ಕೆ ಕಳಿಸಿದರೆ ಕಂಪನಿಗಳು ಆ ಸಂಖ್ಯೆಯನ್ನು ಗಣತಿಯಿಂದ ತೆಗೆಯುತ್ತವೆ. ಒಂದು ಲಕೋಟೆ, ಒಂದು ಅಂಚೆಚೀಟಿ. ಒಡೆಯುವವರಲ್ಲಿ ಎಲ್ಲರೂ ಅಷ್ಟನ್ನು ಮಾಡಿದ್ದರೆ ಗಣತಿಯ ಅಂಕಿಗಳನ್ನು ಇಂದು ಹವ್ಯಾಸಿಗಳು ಇಷ್ಟು ಸಂಶಯದಿಂದ ಓದಬೇಕಾಗಿರಲಿಲ್ಲ.

ಉಳಿದಿರುವ ಆಕ್ಷೇಪ ಮುಂದಿನವರ ಬಗ್ಗೆ. ಒಡೆದವನಿಗೆ ತನ್ನ ನಾಣ್ಯ ಯಾವುದೆಂದು ಗೊತ್ತು. ಅವನು ಹೋದ ಮೇಲೆ ಆಲ್ಬಮ್ ತೆರೆಯುವ ಮಕ್ಕಳಿಗೆ ಗೊತ್ತಾಗುವುದು ಹೇಗೆ? ಪ್ಲಾಸ್ಟಿಕ್ ಬಿಟ್ಟರೆ ಬೇರೆ ಕೊಂಡಿಯೇ ಇಲ್ಲ ಎಂದು ಒಪ್ಪಿಕೊಂಡಾಗ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಅದು ನಿಜವಲ್ಲ ಎನ್ನುವುದಕ್ಕೆ ದರ್ಜೆಯ ಮಾನ ಕಟ್ಟಿದ ಶೆಲ್ಡನ್ನನೇ ನಿದರ್ಶನ, ಅವನು ಬಯಸದ ರೀತಿಯಲ್ಲಿ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ಜಾರ್ಜ್ ಕ್ಲ್ಯಾಪ್ ಕೊಟ್ಟಿದ್ದ ದೊಡ್ಡ ಸೆಂಟ್‌ಗಳ ಸಂಗ್ರಹದಲ್ಲಿ ಒಳ್ಳೆಯವನ್ನು ಎತ್ತಿಕೊಂಡು, ಆ ಜಾಗದಲ್ಲಿ ಅದೇ ಜಾತಿಯ ಕೀಳು ದರ್ಜೆಯವನ್ನು ಇಟ್ಟು ಬರುತ್ತಿದ್ದ ಮಹಾಶಯ ಈತ. ಹೀಗೆ ಅದಲು ಬದಲಾದವು ನೂರಕ್ಕೂ ಹೆಚ್ಚು. ಸಾಯುವವರೆಗೆ ಅದು ಬಯಲಾಗಲಿಲ್ಲ. ಆಮೇಲೆ ಹಳೆಯ ಫೋಟೊಗಳ ಪಕ್ಕದಲ್ಲಿ ನಾಣ್ಯಗಳನ್ನಿಟ್ಟು ನೋಡಿದಾಗ, ಈ ಗೀರು, ಆ ಚುಕ್ಕೆ, ಅಂಚಿನ ಈ ತಗ್ಗು ಎಂದು ಒಂದೊಂದೂ ಗುರುತು ಸಿಕ್ಕಿತು. ಮೊಕದ್ದಮೆ ನಡೆದು ನಾಣ್ಯಗಳು ಸೊಸೈಟಿಯವೇ ಎಂದಾಯಿತು. ಅವುಗಳ ಗುರುತು ಹಿಡಿಯಲು ಸ್ಲ್ಯಾಬ್ ಬೇಕಾಗಲಿಲ್ಲ. ಇದಕ್ಕೆ ವಿರುದ್ಧವಾಗಿ, ಸ್ಲ್ಯಾಬನ್ನೇ ನಕಲು ಮಾಡಿ ಅಸಲಿ ಸಂಖ್ಯೆ ಮುದ್ರಿಸಿ ಮಾರುವ ದಂಧೆ 2008ರ ಹೊತ್ತಿಗೇ ಕಾಣಿಸಿಕೊಂಡಿತು, ಕಂಪನಿಗಳು ಈಗ ಫೋಟೊ ದಾಖಲೆ, ಮೊಬೈಲ್‌ನಿಂದ ಓದುವ ಚಿಪ್ ಎಂದೆಲ್ಲ ಮೊರೆಹೋಗಿವೆ. ನಾಣ್ಯದ ಗುರುತು ಕೊನೆಗೂ ನಾಣ್ಯದ ಮೈಯಲ್ಲೇ ಇದೆ ಎಂದು ಅವೂ ಒಪ್ಪಿದಂತಾಯಿತು. ಹಾಗಾಗಿ ಆಲ್ಬಮ್ಮಿಗೆ ನಾಣ್ಯ ಸೇರಿಸುವವನು ಎರಡು ಬದಿಯ ಮತ್ತು ಅಂಚಿನ ಸ್ಪಷ್ಟ ಫೋಟೊ, ಈಗ ತೂಗಲು ಸಾಧ್ಯವಾದ ತೂಕ, ಯಾವ ಕಂಪನಿಯ ಯಾವ ಸಂಖ್ಯೆಯ ಸ್ಲ್ಯಾಬಿನಿಂದ ಯಾವ ದಿನ ತೆಗೆದದ್ದು, ಅದರ ಮೇಲೆ ಎಷ್ಟು ಅಂಕ ಇತ್ತು ಎಂಬುದನ್ನು ಬರೆದಿಟ್ಟರೆ ಮಕ್ಕಳ ಕೈಗೆ ಸಿಗುವ ಸಾಕ್ಷಿ ಡಬ್ಬಿಯಲ್ಲಿದ್ದದ್ದಕ್ಕಿಂತ ಕಡಿಮೆಯದಲ್ಲ. ಅಂಕಕ್ಕಾಗಿ ಒಡೆಯುವವನಿಗೂ ಇದೇ ಕಾಗದ ಅನ್ವಯಿಸುತ್ತದೆ, ಬಂದ ಎಲ್ಲ ಅಂಕಗಳನ್ನೂ ಬಂದ ಕ್ರಮದಲ್ಲಿ ಬರೆದು ಹೊಸ ಸ್ಲ್ಯಾಬಿನ ಜೊತೆ ಕೊಡಬೇಕು. ಹಾಗೆ ಕೊಟ್ಟರೆ ಬೆಲೆ ಬೀಳುತ್ತದೆ ಎಂದು ಅವನು ಹೇಳುತ್ತಾನೆ. ಬೀಳುತ್ತದೆ, ನಿಜ. ಎಷ್ಟು ಬೀಳುತ್ತದೋ ಅಷ್ಟು ಹಣವನ್ನು ಅವನು ಇಲ್ಲಿಯವರೆಗೆ ಯಾವುದಕ್ಕೆ ಪಡೆಯುತ್ತಿದ್ದನೆಂದು ಅವನೇ ಹೇಳಬೇಕು.